ಪ್ಯಾಕೆಟ್ ಕಳೆದುಹೋದ ಮೇಲೆ ಶುರುವಾಗುವ ಪಾಠ: ಇಂಟರ್ನೆಟ್ ಪ್ರೋಟೋಕಾಲ್ ಕೋರ್ಸಿಗೆ ಇಳಿಯುವ ಮುನ್ನ

ಡಿಗ್ರಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಓದಿದವರಿಗೆ ಏಳು ಪದರಗಳ ಚಿತ್ರ ಬಾಯಿಪಾಠ ಇರುತ್ತದೆ. ಡೇಟಾ ಸಾಗಿಸುವ ಎರಡು ಪದ್ಧತಿಗಳಲ್ಲಿ ಟಿಸಿಪಿ ನಂಬಿಕಸ್ತ, ಯುಡಿಪಿಗೆ ವೇಗ ಜಾಸ್ತಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿರುತ್ತೀರಿ. ಸ್ನಾತಕೋತ್ತರ ಮಟ್ಟದಲ್ಲಿ ಇಂಟರ್ನೆಟ್ ಪ್ರೋಟೋಕಾಲ್‌ಗಳನ್ನು, ಅಂದರೆ ಕಂಪ್ಯೂಟರ್‌ಗಳು ತಮ್ಮೊಳಗೆ ಮಾತಾಡುವ ನಿಯಮಗಳನ್ನು, ಕೈಯಾರೆ ಬರೆಸುವ ಕೋರ್ಸ್ ಸೇರಿದರೆ, ಮೊದಲ ವಾರದಲ್ಲೇ ಆ ಎರಡು ಸಾಲು ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಗೊತ್ತಾಗುತ್ತದೆ. ಇಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ನಂಬಿಕಸ್ತ ಅಂದರೆ ಏನು? ಪ್ಯಾಕೆಟ್, ಅಂದರೆ ಕಳಿಸಿದ ಡೇಟಾದ ಒಂದು ತುಂಡು, ಕಳೆದುಹೋಯಿತು ಅಂತ ಯಾರಿಗೆ, ಯಾವಾಗ ಗೊತ್ತಾಗುತ್ತದೆ? ಗೊತ್ತಾಗುವ ತನಕ ಎಷ್ಟು ಹೊತ್ತು ಕಾಯಬೇಕು? ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು, ಓಡುವ ಕೋಡ್‌ನಲ್ಲಿ ತೋರಿಸಬೇಕು.

ಈ ಕೋರ್ಸ್ ಮುಗಿಸಿ, ಆಮೇಲೆ ಎರಡು ಸಲ ಅದರ ಲ್ಯಾಬ್ ನೋಡಿಕೊಂಡವನು ನಾನು. ನನಗೆ ತಿಳಿದದ್ದು ಇಷ್ಟು: ಯಾವ ಪ್ರೋಟೋಕಾಲ್‌ನಲ್ಲೂ ಎಲ್ಲ ಸರಿಯಾಗಿ ನಡೆಯುವ ದಾರಿ ಬಹಳ ಚಿಕ್ಕದು. ಒಂದು ಸಂಜೆಯಲ್ಲಿ ಬರೆದು ಮುಗಿಸಬಹುದು. ಉಳಿದದ್ದೆಲ್ಲ ಕೆಟ್ಟಾಗ ಏನು ಮಾಡಬೇಕು ಎಂಬುದರ ಲೆಕ್ಕ, ಸೆಮಿಸ್ಟರ್ ಹೋಗುವುದು ಅದಕ್ಕೇ. ಹಾಗಾಗಿ ನನ್ನ ಕ್ರಮ ಹೀಗೆ. ಮೊದಲು ಕಣ್ಣಿಂದ ನೋಡಿ, ಆಮೇಲೆ ಓದಿ, ಆಮೇಲೆ ಬರೆಯಿರಿ. ಬರೆದದ್ದನ್ನು ನೀವೇ ಕೆಡಿಸಿ.

ಹೆಜ್ಜೆ 1: ಬೈಟ್‌ಗಳ ಜೊತೆ ಸ್ನೇಹ

ಕೋರ್ಸ್ ಶುರುವಾಗುವ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ ಇದು. ಲಿನಕ್ಸ್‌ನ ಕಮಾಂಡ್ ಲೈನ್ ಕೈಗೆ ಒಗ್ಗಿರಲಿ. ಸಿ ಭಾಷೆಯಲ್ಲಿ ಪಾಯಿಂಟರ್, ಸ್ಟ್ರಕ್ಟ್, ಬಿಟ್ ಶಿಫ್ಟ್ ಅಂದರೆ ಹೆದರಿಕೆ ಇರಬಾರದು. ಕೆಲವು ಕಡೆ ರಸ್ಟ್ ಅಥವಾ ಗೋ ಭಾಷೆಗೂ ಒಪ್ಪುತ್ತಾರೆ. ಎರಡೂ ಒಳ್ಳೆಯವೇ, ಆದರೆ ಕೋರ್ಸಿನ ಜೊತೆಜೊತೆಗೇ ಹೊಸ ಭಾಷೆ ಕಲಿಯುತ್ತೇನೆ ಅಂತ ಹೊರಡಬೇಡಿ. ತಪ್ಪು ಭಾಷೆಯದೋ ಪ್ರೋಟೋಕಾಲ್‌ನದೋ ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಒಂದು ಚಿಕ್ಕ ಪರೀಕ್ಷೆ ಕೊಡುತ್ತೇನೆ. ಪೋರ್ಟ್ ನಂಬರ್ 8080 ಎರಡು ಬೈಟ್‌ಗಳಲ್ಲಿ ಹೇಗೆ ಕೂರುತ್ತದೆ? 31ನ್ನು 256ರಿಂದ ಗುಣಿಸಿ 144 ಸೇರಿಸಿದರೆ 8080. ಅಂದರೆ ಬೈಟ್‌ಗಳು 31 ಮತ್ತು 144. ತಂತಿಯ ಮೇಲೆ ದೊಡ್ಡ ಬೆಲೆಯ ಬೈಟ್ ಮೊದಲು ಹೋಗಬೇಕು, ಅದೇ ನೆಟ್‌ವರ್ಕ್ ಕ್ರಮ. ನಮ್ಮ ನಿಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಚಿಕ್ಕದನ್ನು ಮೊದಲು ಇಡುತ್ತವೆ. ತಿರುಗಿಸುವುದನ್ನು ಮರೆತರೆ ಅತ್ತ ಕಡೆ 144 ಮತ್ತು 31 ಅಂತ ಓದಿಕೊಳ್ಳುತ್ತಾರೆ, ಅದು 36895. ಲ್ಯಾಬ್‌ನಲ್ಲಿ ಯಾರಾದರೂ ಬಂದು ‘ಸರ್, ಎಲ್ಲ ಸರಿ ಇದೆ, 36895 ಅನ್ನೋ ಪೋರ್ಟ್ ಎಲ್ಲಿಂದ ಬಂತೋ ಗೊತ್ತಿಲ್ಲ’ ಅಂದರೆ ಕೋಡ್ ನೋಡುವ ಅಗತ್ಯವೇ ಇರುವುದಿಲ್ಲ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಒಂದಲ್ಲ ಒಂದು ದಿನ ನಿಮಗೂ ಕಾಣಿಸುತ್ತದೆ.

ಹೆಜ್ಜೆ 2: ಓದುವ ಮೊದಲು ನೋಡಿ

ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಮತ್ತು ವೈರ್‌ಶಾರ್ಕ್ ಹಾಕಿಕೊಳ್ಳಿ. ಎರಡೂ ಉಚಿತ. ಟಿಸಿಪಿಡಂಪ್ 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಲ್ಲಿ ಹುಟ್ಟಿತು. ವೈರ್‌ಶಾರ್ಕ್ 1998ರಲ್ಲಿ ಎಥೀರಿಯಲ್ ಎಂಬ ಹೆಸರಲ್ಲಿ ಬಂದು 2006ರಲ್ಲಿ ಹೆಸರು ಬದಲಿಸಿತು. ಇಷ್ಟು ವರ್ಷ ಆದರೂ ಇವುಗಳಿಲ್ಲದೆ ಯಾರೂ ಈ ಕೆಲಸ ಮಾಡುವುದಿಲ್ಲ. ಪ್ಯಾಕೆಟ್ ಹಿಡಿದು ನೋಡದೆ ನೆಟ್‌ವರ್ಕ್ ಕೋಡ್ ಸರಿ ಮಾಡಲು ಹೋಗುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಯಾವುದಾದರೂ ಒಂದು ಸಾದಾ ಟಿಸಿಪಿ ಸಂಪರ್ಕವನ್ನು ಶುರುವಿನಿಂದ ಕೊನೆಯವರೆಗೆ ಹಿಡಿಯಿರಿ. ಮೊದಲ ಮೂರು ಪ್ಯಾಕೆಟ್‌ಗಳ ಮುಂದೆ ಅರ್ಧ ಗಂಟೆ ಕೂತುಕೊಳ್ಳಿ. ನಮ್ಮ ಕಡೆಯಿಂದ ಸಿನ್, ಅಂದರೆ ಸಂಪರ್ಕ ಶುರು ಮಾಡೋಣ ಎಂಬ ಪ್ಯಾಕೆಟ್, ಹೋಗುತ್ತದೆ. ಅದರ ಸೀಕ್ವೆನ್ಸ್ ನಂಬರ್ (ಕ್ರಮಸಂಖ್ಯೆ) 1000 ಅಂತಿಟ್ಟುಕೊಳ್ಳೋಣ. ಅತ್ತ ಕಡೆಯವರು ತಮ್ಮ ಸಿನ್ ಮತ್ತು ಆಕ್ (ನಿಮ್ಮದು ತಲುಪಿತು ಎಂಬ ಉತ್ತರ) ಎರಡನ್ನೂ ಒಟ್ಟಿಗೆ ಕಳಿಸುತ್ತಾರೆ. ಅವರ ಸೀಕ್ವೆನ್ಸ್ 5000, ಆಕ್ 1001. ನಾವು 5001 ಅಂತ ಆಕ್ ಕೊಡುತ್ತೇವೆ. ಒಂದು ಬೈಟ್ ಡೇಟಾ ಕೂಡ ಹೋಗಿಲ್ಲ, ಆದರೂ ನಂಬರ್ ಒಂದು ಮುಂದೆ ಹೋಯಿತು. ಯಾಕೆ?

ಸಿನ್ ಕೂಡ ದಾರಿಯಲ್ಲಿ ಕಳೆದುಹೋಗಬಹುದು, ಅದಕ್ಕೆ. ಅದು ತಲುಪಿತು ಅಂತ ಖಚಿತವಾಗಿ ಹೇಳಲು ಅದಕ್ಕೂ ಒಂದು ನಂಬರ್ ಬೇಕು. ಸಂಪರ್ಕ ಮುಗಿಸುವ ಫಿನ್‌ಗೂ ಅದೇ ನಿಯಮ. ಬರೀ ಆಕ್ ಹೊತ್ತ ಪ್ಯಾಕೆಟ್‌ಗೆ ಮಾತ್ರ ನಂಬರ್ ಖರ್ಚಾಗುವುದಿಲ್ಲ. ಆಕ್‌ಗೆ ಆಕ್, ಅದಕ್ಕೊಂದು ಆಕ್ ಅಂತ ಕೊಡುತ್ತಾ ಹೋದರೆ ಮುಗಿಯುವುದೇ ಇಲ್ಲ, ಅಲ್ವಾ? ಇಡೀ ಟಿಸಿಪಿಯ ಸ್ವಭಾವ ಈ ಮೂರು ಪ್ಯಾಕೆಟ್‌ಗಳಲ್ಲೇ ಇದೆ.

ಹಾಗೇ ಒಂದು ಎಚ್ಚರಿಕೆ. ನಿಮ್ಮ ಕಂಪ್ಯೂಟರ್‌ನಿಂದ ಹೊರಡುವ ಪ್ಯಾಕೆಟ್‌ಗಳ ಚೆಕ್‌ಸಮ್, ಅಂದರೆ ಬೈಟ್‌ಗಳು ಕೆಟ್ಟಿಲ್ಲ ಅಂತ ನೋಡಲು ಇಡುವ ಮೊತ್ತ, ತಪ್ಪು ಅಂತ ವೈರ್‌ಶಾರ್ಕ್ ಹೇಳಬಹುದು. ಗಾಬರಿ ಬೇಡ. ಚೆಕ್‌ಸಮ್ ಲೆಕ್ಕವನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಎಷ್ಟೋ ಸಲ ನೆಟ್‌ವರ್ಕ್ ಕಾರ್ಡ್‌ಗೆ ಬಿಟ್ಟುಕೊಡುತ್ತದೆ. ಕಾರ್ಡ್ ಅದನ್ನು ತುಂಬುವ ಮೊದಲೇ ನೀವು ಪ್ಯಾಕೆಟ್ ನೋಡಿದ್ದೀರಿ, ಅಷ್ಟೆ. 1500 ಬೈಟ್ ಮೀರಬಾರದ ಜಾಗದಲ್ಲಿ ಹತ್ತಾರು ಸಾವಿರ ಬೈಟ್‌ನ ಪ್ಯಾಕೆಟ್ ಕಂಡರೂ ಕಾರಣ ಇಂಥದ್ದೇ, ಕತ್ತರಿಸುವ ಕೆಲಸ ಕಾರ್ಡ್‌ನದು. ಎಥ್‌ಟೂಲ್ ಎಂಬ ಕಮಾಂಡ್‌ನಿಂದ ಈ ಸೌಲಭ್ಯಗಳನ್ನು ಆಫ್ ಮಾಡಿ ನೋಡಿದರೆ ನಿಜವಾದ ಪ್ಯಾಕೆಟ್ ಕಾಣುತ್ತದೆ.

ಹೆಜ್ಜೆ 3: ಆರ್‌ಎಫ್‌ಸಿ ಓದುವ ಕಲೆ

ಇಂಟರ್ನೆಟ್‌ನ ನಿಯಮಗಳೆಲ್ಲ ಆರ್‌ಎಫ್‌ಸಿ ಎಂಬ ದಾಖಲೆಗಳಲ್ಲಿವೆ. ಮೊದಲನೆಯದನ್ನು ಸ್ಟೀವ್ ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಬರೆದರು. ಈಗ ಅವುಗಳ ಸಂಖ್ಯೆ 9000 ದಾಟಿದೆ. ಎಲ್ಲವೂ ಉಚಿತವಾಗಿ ಸಿಗುತ್ತವೆ. ಎಲ್ಲವನ್ನೂ ಓದಬೇಕಾಗಿಲ್ಲ. ಓದುವ ಕ್ರಮ ಮಾತ್ರ ಗೊತ್ತಿರಬೇಕು.

ಶುರುವಿಗೆ ಆರ್‌ಎಫ್‌ಸಿ 768 ತೆಗೆದುಕೊಳ್ಳಿ. 1980ರ ಆಗಸ್ಟ್‌ನಲ್ಲಿ ಬಂದ ಯುಡಿಪಿಯ ದಾಖಲೆ. ಬರೀ 3 ಪುಟ. ಡೇಟಾದ ಮುಂದೆ ಕೂರುವ ಹೆಡರ್ 8 ಬೈಟ್. ಓದಿ ಮುಗಿಸಿ ಎದ್ದಾಗ ಒಂದು ಪೂರ್ತಿ ಪ್ರೋಟೋಕಾಲ್ ಓದಿದ ಧೈರ್ಯ ಬಂದಿರುತ್ತದೆ. ಆಮೇಲೆ 1981ರ ಸೆಪ್ಟೆಂಬರ್‌ನ ಮೂವರು ಅಣ್ಣತಮ್ಮಂದಿರು: ವಿಳಾಸ ನೋಡಿ ಪ್ಯಾಕೆಟ್ ಸಾಗಿಸುವ ಐಪಿಗೆ 791, ದಾರಿಯ ತೊಂದರೆ ತಿಳಿಸಲು ಮತ್ತು ಪಿಂಗ್‌ಗೆ ಬಳಸುವ ಐಸಿಎಂಪಿಗೆ 792, ಟಿಸಿಪಿಗೆ 793. ಟಿಸಿಪಿಯದು ಸುಮಾರು 85 ಪುಟ. ಇಲ್ಲೇ ಜನ ಎಡವುವುದು. ಹಳೆಯ 793 ಹಿಡಿದು ಕೋಡ್ ಬರೆಯುತ್ತಾರೆ. ಅದರಲ್ಲಿದ್ದ ತಪ್ಪುಗಳನ್ನು 1989ರ 1122 ತಿದ್ದಿತು. ಆಮೇಲೆ ಬೇರೆ ಬೇರೆ ದಾಖಲೆಗಳಲ್ಲಿ ಇನ್ನಷ್ಟು ತಿದ್ದುಪಡಿ ಬಂತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಎಲ್ಲವನ್ನೂ ಕೂಡಿಸಿ 9293 ಎಂದು ಹೊಸದಾಗಿ ಬರೆದರು. ನೀವು ಕೋಡ್ ಬರೆಯಬೇಕಾದದ್ದು ಇದನ್ನು ನೋಡಿ. ಯಾವ ಆರ್‌ಎಫ್‌ಸಿಯ ವೆಬ್ ಪುಟ ತೆಗೆದರೂ ಅದರ ತಲೆಯಲ್ಲಿ ಇದು ಯಾವುದನ್ನು ರದ್ದು ಮಾಡಿದೆ, ಇದನ್ನು ಯಾವುದು ರದ್ದು ಮಾಡಿದೆ ಅಂತ ನೋಡಿಕೊಳ್ಳುವುದು ಅಭ್ಯಾಸವಾಗಲಿ.

ಈ ದಾಖಲೆಗಳಲ್ಲಿ ದೊಡ್ಡ ಅಕ್ಷರದ ‘ಮಸ್ಟ್’, ‘ಶುಡ್’, ‘ಮೇ’ ಸುಮ್ನೆ ಬರುವುದಿಲ್ಲ. ಅವುಗಳ ಅರ್ಥವನ್ನು 1997ರ ಆರ್‌ಎಫ್‌ಸಿ 2119 ಕಟ್ಟಿಕೊಟ್ಟಿದೆ. ಮಸ್ಟ್ ಅಂದರೆ ಮಾಡಲೇಬೇಕು. ಶುಡ್ ಅಂದರೆ ಬಲವಾದ ಕಾರಣ ಇಲ್ಲದೆ ಬಿಡುವ ಹಾಗಿಲ್ಲ. ಮೇ ಅಂದರೆ ನಿಮ್ಮಿಷ್ಟ. ಆದರೆ ಅತ್ತ ಕಡೆಯವರು ಅದನ್ನು ಮಾಡಿದ್ದರೂ ನಿಮ್ಮ ಕೋಡ್ ಬೀಳಬಾರದು. ಮೂರನೆಯದೇ ಜಾಸ್ತಿ ಕಾಡುವುದು.

ಓದುವಾಗ ಕೈಯಲ್ಲಿ ಪೆನ್ನು ಇರಲಿ. ಟಿಸಿಪಿಗೆ 11 ಸ್ಥಿತಿಗಳಿವೆ. ದೊಡ್ಡ ಹಾಳೆಯಲ್ಲಿ ಎಡಕ್ಕೆ ಆ 11 ಹೆಸರು, ಮೇಲೆ ಅಡ್ಡಕ್ಕೆ ಬರಬಹುದಾದ ಘಟನೆಗಳನ್ನು ಬರೆಯಿರಿ: ಸಿನ್ ಬಂತು, ಆಕ್ ಬಂತು, ಫಿನ್ ಬಂತು, ಸಂಪರ್ಕವನ್ನು ಥಟ್ಟನೆ ಮುರಿಯುವ ರೀಸೆಟ್ ಬಂತು, ಟೈಮರ್ ಮುಗಿಯಿತು, ಪ್ರೋಗ್ರಾಂ ಮುಚ್ಚು ಅಂದಿತು. ಒಂದೊಂದು ಚೌಕವನ್ನೂ ಓದಿ ತುಂಬಿಸಿ. ಪುಸ್ತಕದಲ್ಲಿ ಬರುವ ಅಂದವಾದ ಬಾಣದ ಚಿತ್ರದಲ್ಲಿ ಈ ಚೌಕಗಳ ಕಾಲುಭಾಗವೂ ಇರುವುದಿಲ್ಲ. ಉಳಿದವುಗಳ ಉತ್ತರ, ಸೆಗ್ಮೆಂಟ್ (ಟಿಸಿಪಿಯ ಒಂದು ಪ್ಯಾಕೆಟ್) ಬಂದಾಗ ಏನು ಮಾಡಬೇಕು ಎನ್ನುವ ಉದ್ದದ ಭಾಗದಲ್ಲಿ ಅಡಗಿದೆ. ಓದಲು ಬೇಜಾರು ಬರಿಸುವ ಭಾಗ ಅದು. ಕೋಡ್ ಇರುವುದೂ ಅಲ್ಲೇ.

ಹೆಜ್ಜೆ 4: ಸಾಕೆಟ್

ಇದನ್ನು ಬೇಗ ಮುಗಿಸಬಹುದು. ಸಾಕೆಟ್ ಅಂದರೆ ಪ್ರೋಗ್ರಾಂಗೆ ನೆಟ್‌ವರ್ಕ್ ಬಳಸಲು ಕರ್ನಲ್ ಕೊಡುವ ಬಾಗಿಲು. 1983ರಲ್ಲಿ 4.2ಬಿಎಸ್‌ಡಿ ಎಂಬ ಯುನಿಕ್ಸ್ ಜೊತೆ ಬಂದ ಸಾಕೆಟ್ ಕರೆಗಳೇ ಇವತ್ತಿಗೂ ಇವೆ. ಒಂದು ಚಿಕ್ಕ ಸರ್ವರ್, ಒಂದು ಕ್ಲೈಂಟ್ ಬರೆಯಿರಿ. ಒಂದೇ ವಿಷಯ ತಲೆಯಲ್ಲಿರಲಿ: ಟಿಸಿಪಿಗೆ ಸಂದೇಶ ಅನ್ನುವುದೇ ಗೊತ್ತಿಲ್ಲ, ಗೊತ್ತಿರುವುದು ಬೈಟ್‌ಗಳ ಹರಿವು. ನೀವು 100 ಬೈಟ್‌ನ ಎರಡು ಸಂದೇಶ ಕಳಿಸಿದರೆ ಅತ್ತ ಕಡೆ 200 ಒಟ್ಟಿಗೆ ಬರಬಹುದು, 130 ಮತ್ತು 70 ಆಗಿಯೂ ಬರಬಹುದು. ಒಂದೇ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಮಾಡಿದಾಗ ಹೆಚ್ಚಾಗಿ 100, 100 ಅಂತಲೇ ಬಂದು ಮೋಸ ಮಾಡುತ್ತದೆ. ಉದ್ದವನ್ನು ಮೊದಲು ಕಳಿಸಿ, ಅಷ್ಟು ಬೈಟ್ ಸಿಗುವ ತನಕ ಲೂಪ್‌ನಲ್ಲಿ ಓದಿ.

ಹೆಜ್ಜೆ 5: ಯುಡಿಪಿ ಮೇಲೆ ನಿಮ್ಮದೇ ನಂಬಿಕೆ

ಕೋರ್ಸಿನ ಮೊದಲ ನಿಜವಾದ ಅಸೈನ್‌ಮೆಂಟ್ ಹೆಚ್ಚಾಗಿ ಇದೇ ಇರುತ್ತದೆ. ಏನನ್ನೂ ಖಾತ್ರಿಪಡಿಸದ ಯುಡಿಪಿ ಮೇಲೆ, ಒಂದು ಬೈಟ್ ಕೂಡ ತಪ್ಪದಂತೆ ಫೈಲ್ ಕಳಿಸಬೇಕು.

ಮೊದಲು ಒಂದು ಕಳಿಸಿ, ಆಕ್ ಬಂದ ಮೇಲೆ ಇನ್ನೊಂದು ಕಳಿಸುವ ಪದ್ಧತಿ ಬರೆಯಿರಿ. ಅದು ನಡೆಯುತ್ತದೆ. ಆದರೆ ಎಷ್ಟು ನಿಧಾನ ನೋಡಿ. ಹೋಗಿ ಬರಲು 100 ಮಿಲಿಸೆಕೆಂಡ್ ಆಗುವ ದಾರಿಯಲ್ಲಿ 1500 ಬೈಟ್‌ನ ಪ್ಯಾಕೆಟ್ ಕಳಿಸಿದರೆ ಸೆಕೆಂಡಿಗೆ 10 ಪ್ಯಾಕೆಟ್, ಅಂದರೆ 120 ಕಿಲೋಬಿಟ್. ತಂತಿ 100 ಮೆಗಾಬಿಟ್‌ನದಾಗಿದ್ದರೂ ಅಷ್ಟೇ, ಗಿಗಾಬಿಟ್‌ನದಾಗಿದ್ದರೂ ಅಷ್ಟೇ. ದಾರಿಯನ್ನು ತುಂಬಬೇಕಾದರೆ ವೇಗವನ್ನು ಸಮಯದಿಂದ ಗುಣಿಸಿ: 100 ಮೆಗಾಬಿಟ್, 0.1 ಸೆಕೆಂಡ್, ಒಟ್ಟು 1 ಕೋಟಿ ಬಿಟ್, ಅಂದರೆ 12.5 ಲಕ್ಷ ಬೈಟ್. ಅಷ್ಟು ಡೇಟಾ ಆಕ್‌ಗೆ ಕಾಯದೆ ದಾರಿಯಲ್ಲೇ ಇರಬೇಕು. ಜಾರುವ ವಿಂಡೋ, ಅಂದರೆ ಆಕ್‌ಗೆ ಕಾಯದೆ ಎಷ್ಟು ಕಳಿಸಬಹುದು ಎಂಬ, ಆಕ್ ಬಂದ ಹಾಗೆ ಮುಂದೆ ಸರಿಯುವ ಮಿತಿ, ಬೇಕಾಗುವುದು ಇದಕ್ಕೆ. ಟಿಸಿಪಿ ಹೆಡರ್‌ನಲ್ಲಿ ವಿಂಡೋಗೆ 16 ಬಿಟ್ ಮಾತ್ರ ಇದೆ, ಹೆಚ್ಚೆಂದರೆ 65,535 ಬೈಟ್. ಅದೊಂದನ್ನೇ ನಂಬಿದರೆ ಇದೇ ದಾರಿಯಲ್ಲಿ ಸುಮಾರು 5.2 ಮೆಗಾಬಿಟ್ ದಾಟುವುದಿಲ್ಲ. ವಿಂಡೋ ಹಿಗ್ಗಿಸುವ ಆಯ್ಕೆಯನ್ನು ಆಮೇಲೆ ಸೇರಿಸಿದ್ದು ಅದಕ್ಕೇ.

ಈಗ ಟೈಮರ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಆಕ್ ಬರಲಿಲ್ಲ ಅಂತ ಎಷ್ಟು ಹೊತ್ತಿಗೆ ತೀರ್ಮಾನಿಸಬೇಕು? ಬೇಗ ತೀರ್ಮಾನಿಸಿದರೆ ತಲುಪಿದ ಪ್ಯಾಕೆಟ್ಟನ್ನೇ ಮತ್ತೆ ಕಳಿಸುತ್ತೀರಿ. ತಡ ಮಾಡಿದರೆ ಸುಮ್ನೆ ಕೂತು ಹೊತ್ತು ಕಳೆಯುತ್ತೀರಿ. ಹೆಚ್ಚಿನವರು 500 ಮಿಲಿಸೆಕೆಂಡ್ ಅಂತ ಒಂದು ಸಂಖ್ಯೆ ಬರೆದು ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಆರ್‌ಎಫ್‌ಸಿ 6298ರ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ.

ಪ್ಯಾಕೆಟ್ ಹೋಗಿ ಆಕ್ ಬರಲು ಹಿಡಿದ ಹೊತ್ತಿನ ಮೊದಲ ಅಳತೆ 100 ಮಿಲಿಸೆಕೆಂಡ್ ಬಂತು ಅಂತಿಟ್ಟುಕೊಳ್ಳಿ. ಸರಾಸರಿ 100, ಏರಿಳಿತ ಅದರ ಅರ್ಧ, 50. ಕಾಯುವ ಹೊತ್ತು ಅಂದರೆ ಸರಾಸರಿಗೆ ಏರಿಳಿತದ ನಾಲ್ಕು ಪಟ್ಟು ಸೇರಿಸಿದ್ದು, 300. ಎರಡನೇ ಅಳತೆ 180. ಮೊದಲು ಏರಿಳಿತ: ಹಳೆಯದರ ಮುಕ್ಕಾಲು 37.5, ಹೊಸ ವ್ಯತ್ಯಾಸ 80ರ ಕಾಲು 20, ಒಟ್ಟು 57.5. ಆಮೇಲೆ ಸರಾಸರಿ: ಹಳೆಯದರ ಎಂಟರಲ್ಲಿ ಏಳು ಪಾಲು 87.5, ಹೊಸದರ ಎಂಟರಲ್ಲಿ ಒಂದು ಪಾಲು 22.5, ಒಟ್ಟು 110. ಕಾಯುವ ಹೊತ್ತು 110ಕ್ಕೆ 230 ಸೇರಿ 340. ಮೂರನೇ ಅಳತೆ ಸರಿಯಾಗಿ 110 ಬಂದರೆ ಏರಿಳಿತ 43ರ ಹತ್ತಿರಕ್ಕೆ ಇಳಿಯುತ್ತದೆ, ಕಾಯುವ ಹೊತ್ತು 282.5. ದಾರಿ ಅಲುಗಾಡಿದರೆ ತಾಳ್ಮೆ ಜಾಸ್ತಿ, ನೆಟ್ಟಗಿದ್ದರೆ ತಾಳ್ಮೆ ಕಮ್ಮಿ. ಇದರ ಮೇಲೆ ಕನಿಷ್ಠ 1 ಸೆಕೆಂಡ್ ಇರಲಿ ಅಂತ ಆರ್‌ಎಫ್‌ಸಿ ಹೇಳುತ್ತದೆ. ಲಿನಕ್ಸ್ 200 ಮಿಲಿಸೆಕೆಂಡ್‌ಗೆ ಇಳಿಸಿಕೊಂಡಿದೆ. ಏರಿಳಿತವನ್ನು ಮೊದಲು, ಸರಾಸರಿಯನ್ನು ಆಮೇಲೆ ಲೆಕ್ಕ ಹಾಕಬೇಕು. ಅದಲು ಬದಲಾದರೂ ಕೋಡ್ ಓಡುತ್ತದೆ, ಉತ್ತರ ಮಾತ್ರ ಬೇರೆ ಬರುತ್ತದೆ. ನಾನು ನೋಡಿದ ಲ್ಯಾಬ್‌ಗಳಲ್ಲಿ ಎರಡು ಸಲವೂ ಯಾರೋ ಒಬ್ಬರು ಇದನ್ನು ಮಾಡಿದ್ದರು.

ಇನ್ನೊಂದು ಗುಂಡಿ ಇದೆ. ಒಂದು ಪ್ಯಾಕೆಟ್ಟನ್ನು ಎರಡು ಸಲ ಕಳಿಸಿದಿರಿ, ಆಮೇಲೆ ಒಂದು ಆಕ್ ಬಂತು. ಅದು ಮೊದಲನೆಯದಕ್ಕೋ ಎರಡನೆಯದಕ್ಕೋ? ಹೇಳಲು ಆಗುವುದಿಲ್ಲ. ಹಾಗಾಗಿ ಮರುಕಳಿಸಿದ ಪ್ಯಾಕೆಟ್‌ನಿಂದ ಅಳತೆ ತೆಗೆದುಕೊಳ್ಳಲೇಬಾರದು, ಟೈಮರ್ ಮುಗಿದಾಗಲೆಲ್ಲ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡಬೇಕು. ಕಾರ್ನ್ ಅವರ ಹೆಸರಲ್ಲಿ ಕರೆಯುವ ಈ ನಿಯಮ ನೋಡಲು ಎರಡೇ ಸಾಲು. ಇಲ್ಲದಿದ್ದರೆ ಅಳತೆ ಎಲ್ಲಿಗೋ ಹೋಗಿಬಿಡುತ್ತದೆ.

ಹೆಜ್ಜೆ 6: ಕರ್ನಲ್ ಬಿಟ್ಟು ನಿಮ್ಮದೇ ಟಿಸಿಪಿ

ಕೋರ್ಸಿನ ಎದೆ ಇದು. ನಿಮ್ಮ ಪ್ರೋಗ್ರಾಂ ಒಳಗೇ ಐಪಿ ಮತ್ತು ಟಿಸಿಪಿ ಬರೆದು, ನಿಜವಾದ ಕಂಪ್ಯೂಟರ್ ಜೊತೆ ಮಾತಾಡಿಸಬೇಕು.

ನಾನು ಮೊದಲು, ಹೆಡರ್ ಸಮೇತ ಪ್ಯಾಕೆಟ್ಟನ್ನು ನಾವೇ ಕಟ್ಟಿ ಕಳಿಸಲು ಬಿಡುವ ರಾ ಸಾಕೆಟ್ ಹಿಡಿದು ಹೊರಟೆ. ಸಿನ್ ಕಳಿಸಿದೆ. ಸಿನ್-ಆಕ್ ಬಂತು. ಖುಷಿಯಿಂದ ಆಕ್ ಕಳಿಸುವಷ್ಟರಲ್ಲಿ ಸಂಪರ್ಕ ಮುರಿದುಬಿತ್ತು. ಎರಡು ರಾತ್ರಿ ನನ್ನ ಆಕ್ ತಪ್ಪು ಅಂತಲೇ ಹುಡುಕಿದೆ. ಮೂರನೇ ದಿನ ಟಿಸಿಪಿಡಂಪ್ ಹಾಕಿ ನೋಡಿದರೆ, ನನ್ನ ಆಕ್‌ಗಿಂತ ಮುಂಚೆ ನನ್ನ ಕಂಪ್ಯೂಟರ್‌ನಿಂದಲೇ ಒಂದು ರೀಸೆಟ್ ಹೊರಟಿದೆ. ಅದನ್ನು ಕಳಿಸಿದವನು ನಾನಲ್ಲ. ನನ್ನ ಕರ್ನಲ್! ಅದರ ಕಡೆಯಿಂದ ನೋಡಿದರೆ ಅದು ಸಿನ್ ಕಳಿಸಿಯೇ ಇಲ್ಲ. ಯಾರೋ ಸಿನ್-ಆಕ್ ಕಳಿಸಿದ್ದಾರೆ, ಇಂಥ ಸಂಪರ್ಕ ನನಗೆ ಗೊತ್ತಿಲ್ಲ ಅಂತ ನಿಯಮದ ಪ್ರಕಾರವೇ ಬಾಗಿಲು ಮುಚ್ಚಿದೆ. ಎರಡನೇ ಹೆಜ್ಜೆಯ ಉಪದೇಶವನ್ನು ಇವತ್ತು ಎಲ್ಲರಿಗೂ ಕೊಡುವ ನಾನು ಅವತ್ತು ಎರಡು ರಾತ್ರಿ ಪ್ಯಾಕೆಟ್ ಹಿಡಿಯದೆ ಕೂತಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಫೈರ್‌ವಾಲ್ ನಿಯಮ ಹಾಕಿ ಆ ರೀಸೆಟ್ ತಡೆಯಬಹುದು. ಅದಕ್ಕಿಂತ ಅಚ್ಚುಕಟ್ಟಾದ ದಾರಿ ಟನ್ ಸಾಧನ. ಲಿನಕ್ಸ್‌ನಲ್ಲಿ ಅದನ್ನು ತೆರೆದರೆ ಕರ್ನಲ್‌ಗೆ ಅದೊಂದು ನೆಟ್‌ವರ್ಕ್ ಕಾರ್ಡ್ ಹಾಗೆ ಕಾಣುತ್ತದೆ, ನಿಮಗೆ ಫೈಲ್ ಹಾಗೆ ಕಾಣುತ್ತದೆ. ಕರ್ನಲ್‌ಗೆ 10.0.0.1, ನಿಮ್ಮ ಪ್ರೋಗ್ರಾಂಗೆ 10.0.0.2 ಅಂತ ವಿಳಾಸ ಇಟ್ಟುಕೊಳ್ಳಿ. ಆ ಎರಡನೇ ವಿಳಾಸ ಕರ್ನಲ್‌ನದಲ್ಲ, ಹಾಗಾಗಿ ಅದು ನಡುವೆ ಬಾಯಿ ಹಾಕುವುದಿಲ್ಲ. ತೆರೆಯುವಾಗ ಹೆಚ್ಚುವರಿ ಮಾಹಿತಿ ಬೇಡ ಎಂಬ ಆಯ್ಕೆ ಕೊಡುವುದನ್ನು ಮರೆಯಬೇಡಿ. ಮರೆತರೆ ಪ್ರತಿ ಪ್ಯಾಕೆಟ್ ಮುಂದೆ 4 ಬೈಟ್ ಜಾಸ್ತಿ ಬಂದು, ಐಪಿ ಆವೃತ್ತಿ 4 ಇರಬೇಕಾದಲ್ಲಿ ಸೊನ್ನೆ ಕಾಣುತ್ತದೆ.

ಶುರುವಿಗೇ ಟಿಸಿಪಿ ಬೇಡ. ಪಿಂಗ್‌ಗೆ ಉತ್ತರ ಕೊಡಿ. ಬಂದ ಪ್ಯಾಕೆಟ್‌ನಲ್ಲಿ ಎರಡು ವಿಳಾಸ ಅದಲು ಬದಲು ಮಾಡಿ, ಐಸಿಎಂಪಿ ಬಗೆಯನ್ನು 8ರಿಂದ 0ಗೆ ಬದಲಿಸಿ, ಚೆಕ್‌ಸಮ್ ಹೊಸದಾಗಿ ಹಾಕಿ ವಾಪಸ್ ಬರೆಯಿರಿ. ಇನ್ನೊಂದು ಟರ್ಮಿನಲ್‌ನಲ್ಲಿ ಪಿಂಗ್ ಉತ್ತರಗಳು ಸಾಲಾಗಿ ಬರುವುದನ್ನು ನೋಡಿದಾಗ ಆಗುವ ಸಂತೋಷ ಬೇರೆಯೇ.

ಆಮೇಲೆ ಟಿಸಿಪಿ. ಚೆಕ್‌ಸಮ್‌ಗೆ ಟಿಸಿಪಿ ಹೆಡರ್ ಮತ್ತು ಡೇಟಾ ಸಾಲದು, ಎರಡೂ ಐಪಿ ವಿಳಾಸ, ಪ್ರೋಟೋಕಾಲ್ ಸಂಖ್ಯೆ 6, ಒಟ್ಟು ಉದ್ದ ಇವೂ ಸೇರಬೇಕು. ಬೈಟ್‌ಗಳನ್ನು ಎರಡೆರಡಾಗಿ ಕೂಡುವುದರಿಂದ ಕೊನೆಯಲ್ಲಿ ಒಂಟಿ ಬೈಟ್ ಉಳಿದರೆ ಅದರ ಪಕ್ಕ ಸೊನ್ನೆ ಇಟ್ಟುಕೊಳ್ಳಬೇಕು. ಕೆಲವು ಪ್ಯಾಕೆಟ್ ಹೋಗುತ್ತವೆ, ಕೆಲವು ಹೋಗುವುದಿಲ್ಲ, ಯಾಕೋ ತಿಳಿಯುತ್ತಿಲ್ಲ ಅನ್ನುವ ದೂರು ಬಂದರೆ ಮೊದಲು ಡೇಟಾ ಉದ್ದ ಸಮವೋ ಬೆಸವೋ ನೋಡಿ.

ಸೀಕ್ವೆನ್ಸ್ ನಂಬರ್ 32 ಬಿಟ್. 4294967295 ಆದ ಮೇಲೆ ಮತ್ತೆ ಸೊನ್ನೆ. ಸೆಕೆಂಡಿಗೆ 1 ಗಿಗಾಬಿಟ್ ಕಳಿಸಿದರೆ ಸುಮಾರು 34 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಯುತ್ತದೆ. ಹಾಗಾಗಿ ಎರಡು ನಂಬರ್‌ಗಳಲ್ಲಿ ಯಾವುದು ದೊಡ್ಡದು ಅಂತ ಸೀದಾ ಹೋಲಿಸಬಾರದು. ಕಳೆದು, ಉತ್ತರವನ್ನು ಚಿಹ್ನೆ ಇರುವ 32 ಬಿಟ್ ಸಂಖ್ಯೆಯಾಗಿ ಓದಿ. ಆಗ 4294967290 ಆದ ಮೇಲೆ ಬರುವ 4 ಅನ್ನುವುದು 10 ಬೈಟ್ ಮುಂದಿನದು ಅಂತ ಸರಿಯಾಗಿ ತಿಳಿಯುತ್ತದೆ. ಶುರುವಿನ ನಂಬರ್ ಊಹಿಸಲಾಗದಂತೆ ಇರಬೇಕಾದ್ದರಿಂದ ಈ ತಪ್ಪು ಯಾವಾಗಲೋ ಒಮ್ಮೆ ಮಾತ್ರ ಕಾಣುತ್ತದೆ, ಅದೂ ಡೆಮೊ ದಿನ. ಪರೀಕ್ಷೆ ಮಾಡುವಾಗ ಬೇಕಂತಲೇ 4294967000ದಿಂದ ಶುರು ಮಾಡಿ.

ಹೆಜ್ಜೆ 7: ಬೇಕಂತಲೇ ಕೆಡಿಸಿ

ಒಂದೇ ಕಂಪ್ಯೂಟರ್ ಒಳಗೆ ಪ್ಯಾಕೆಟ್ ಕಳೆದುಹೋಗುವುದು ಅಪರೂಪ. ಹಾಗಾಗಿ ನಿಮ್ಮ ಕೋಡ್ ಅಲ್ಲಿ ಸೊಗಸಾಗಿ ಓಡುತ್ತದೆ. ಅದನ್ನು ನಂಬಬೇಡಿ. ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳಿಂದ ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಮೂರು ಬೇರೆ ಬೇರೆ ಯಂತ್ರಗಳಿದ್ದ ಹಾಗೆ ಮಾಡಿಕೊಳ್ಳಬಹುದು. ಅವುಗಳ ನಡುವಿನ ದಾರಿಗೆ ನೆಟೆಮ್ ಸಾಧನದಿಂದ 50 ಮಿಲಿಸೆಕೆಂಡ್ ತಡ, ನೂರಕ್ಕೆ 2 ಪ್ಯಾಕೆಟ್ ನಷ್ಟ ಹಾಕಿ. ಆಮೇಲೆ ನಕಲು ಪ್ಯಾಕೆಟ್, ಆಮೇಲೆ ಹಿಂದುಮುಂದಾದ ಪ್ಯಾಕೆಟ್. ಒಂದು ಸಲಕ್ಕೆ ಒಂದೇ ತೊಂದರೆ ಕೊಡಿ, ಆಗ ಯಾವುದು ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುತ್ತದೆ.

ನನ್ನ ಅನುಭವದಲ್ಲಿ ಡೇಟಾ ಕಳೆದುಹೋದರೆ ಎಲ್ಲರ ಕೋಡೂ ಹೇಗೋ ಬದುಕುತ್ತದೆ. ಆಕ್ ಕಳೆದುಹೋದಾಗ ಅರ್ಧ ಜನ ಬೀಳುತ್ತಾರೆ. ಕೊನೆಯ ಫಿನ್‌ನ ಆಕ್ ಕಳೆದುಹೋದಾಗ ಹೆಚ್ಚುಕಡಿಮೆ ಎಲ್ಲರೂ ಬೀಳುತ್ತಾರೆ. ಟೈಮ್-ವೇಟ್ ಎಂಬ ಸ್ಥಿತಿ ಇರುವುದರ ಒಂದು ಕಾರಣ ಇದೇ. ಎಲ್ಲ ಮುಗಿಯಿತು ಅಂತ ಎದ್ದು ಹೋಗದೆ, ಅತ್ತ ಕಡೆಯವರು ‘ನನ್ನ ಫಿನ್ ಬಂತಾ?’ ಅಂತ ಮತ್ತೆ ಕೇಳಿದರೆ ಉತ್ತರ ಕೊಡಲು ಸ್ವಲ್ಪ ಹೊತ್ತು ಕೂತಿರಬೇಕು. ಲಿನಕ್ಸ್‌ನಲ್ಲಿ ಇದು 60 ಸೆಕೆಂಡ್.

ತಪ್ಪು ಯಾರದೂ ಅಲ್ಲದೆ ಕೆಲಸ ಕೆಡುವುದೂ ಇದೆ. ಚಿಕ್ಕ ಚಿಕ್ಕ ತುಂಡುಗಳನ್ನು ಕೂಡಿಸಿ ಕಳಿಸೋಣ, ಹಿಂದಿನದಕ್ಕೆ ಆಕ್ ಬರಲಿ ಅಂತ ಕಳಿಸುವವನು ಕಾಯುತ್ತಾನೆ. ಅದು 1984ರಲ್ಲಿ ಬಂದ ನೇಗಲ್ ಉಪಾಯ. ಡೇಟಾ ವಾಪಸ್ ಹೋಗುವಾಗ ಅದರ ಜೊತೆಗೇ ಆಕ್ ಕಳಿಸೋಣ ಅಂತ ಪಡೆಯುವವನು ಕಾಯುತ್ತಾನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದ ಹಾಗೆ, ಇಬ್ಬರ ಉಪಾಯವೂ ಒಳ್ಳೆಯದೇ, ಸೇರಿದಾಗ ಮಾತ್ರ ಇಬ್ಬರೂ ಟೈಮರ್ ಮುಗಿಯುವ ತನಕ ಸುಮ್ಮನಿರುತ್ತಾರೆ. ಗ್ರಾಫ್‌ನಲ್ಲಿ ಪದೇ ಪದೇ ಒಂದೇ ಅಳತೆಯ ಬಿಡುವು, 40 ಅಥವಾ 200 ಮಿಲಿಸೆಕೆಂಡ್‌ನದು ಕಂಡರೆ ಮೊದಲು ಇದನ್ನು ಅನುಮಾನಿಸಿ.

ಹೆಜ್ಜೆ 8: ದಟ್ಟಣೆ

1986ರ ಅಕ್ಟೋಬರ್. ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿಯ ವಿಶ್ವವಿದ್ಯಾಲಯದ ನಡುವಿನ ದೂರ ಸುಮಾರು 400 ಗಜ. ಆ ದಾರಿಯ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಬಿತ್ತು. 40 ಬಿಟ್ ಅಂದರೆ ಸೆಕೆಂಡಿಗೆ 5 ಅಕ್ಷರ. ಕಾಗದದಲ್ಲಿ ಬರೆದುಕೊಂಡು ನಡೆದು ಹೋಗಿದ್ದರೆ ಬೇಗ ತಲುಪುತ್ತಿತ್ತು.

ತಂತಿ ಕೆಟ್ಟಿರಲಿಲ್ಲ. ದಾರಿಯಲ್ಲಿ ಸಾಲು ಉದ್ದವಾಯಿತು, ಪ್ಯಾಕೆಟ್ ಬಿದ್ದವು. ಬಿದ್ದವು ಅಂತ ಎಲ್ಲರೂ ಮತ್ತೆ ಕಳಿಸಿದರು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಪ್ರತಿಯೊಂದು ಯಂತ್ರವೂ ತನ್ನ ಮಟ್ಟಿಗೆ ನಿಯಮವನ್ನೇ ಪಾಲಿಸುತ್ತಿತ್ತು ಅನ್ನುವುದು ಇದರಲ್ಲಿ ನನಗೆ ಯಾವಾಗಲೂ ವಿಚಿತ್ರವೆನಿಸುವ ವಿಷಯ. ಅದೇ ಲ್ಯಾಬ್‌ನ ಸಂಶೋಧಕ ವ್ಯಾನ್ ಜೇಕಬ್ಸನ್ ಇದರ ಬೆನ್ನು ಹತ್ತಿ 1988ರಲ್ಲಿ ಪರಿಹಾರ ಪ್ರಕಟಿಸಿದರು. ಐದನೇ ಹೆಜ್ಜೆಯಲ್ಲಿ ಲೆಕ್ಕ ಹಾಕಿದೆವಲ್ಲ, ಆ ಏರಿಳಿತ ಸೇರಿಸಿದ ಟೈಮರ್ ಕೂಡ ಅದೇ ಪ್ರಬಂಧದ್ದು.

ಅಳವಡಿಸಲು ನೀವು ಹಿಡಿಯಬೇಕಾದ ದಾರಿ ಹೀಗೆ. ಪಡೆಯುವವನ ವಿಂಡೋ ಅಲ್ಲದೆ ನಿಮ್ಮದೇ ಇನ್ನೊಂದು ಮಿತಿ ಇಟ್ಟುಕೊಳ್ಳಿ. ಅದನ್ನು ಸಣ್ಣದಾಗಿ ಶುರು ಮಾಡಿ, ಪ್ರತಿ ಸುತ್ತಿಗೂ (ಪ್ಯಾಕೆಟ್ ಹೋಗಿ ಆಕ್ ಬರುವಷ್ಟು ಹೊತ್ತಿಗೂ) ದುಪ್ಪಟ್ಟು ಮಾಡಿ. ಒಂದು ಮಟ್ಟ ಮುಟ್ಟಿದ ಮೇಲೆ ಸುತ್ತಿಗೆ ಒಂದೇ ಪ್ಯಾಕೆಟ್‌ನಷ್ಟು ಏರಿಸಿ. ಒಂದೇ ಆಕ್ ಮೂರು ಸಲ ಮರುಕಳಿಸಿ ಬಂದರೆ ಪ್ಯಾಕೆಟ್ ಬಿದ್ದಿದೆ ಅಂತ ತಿಳಿದು, ಟೈಮರ್‌ಗೆ ಕಾಯದೆ ಮತ್ತೆ ಕಳಿಸಿ, ಮಿತಿಯನ್ನು ಅರ್ಧಕ್ಕೆ ಇಳಿಸಿ. ಟೈಮರ್ ಮುಗಿಯುವ ತನಕ ಏನೂ ಬರದಿದ್ದರೆ ಒಂದಕ್ಕೇ ಇಳಿಸಿ. ಈ ಮಿತಿಯನ್ನು ಪ್ರತಿ ಆಕ್‌ಗೂ ಫೈಲ್‌ಗೆ ಬರೆದು ಗ್ರಾಫ್ ಎಳೆಯಿರಿ. ಗರಗಸದ ಹಲ್ಲಿನ ಹಾಗೆ ಬರಬೇಕು. ಹಲ್ಲು ಕಾಣದೆ ಬರೀ ನೆಟ್ಟಗಿನ ಗೆರೆ ಬಂದರೆ ನಿಮ್ಮನ್ನು ತಡೆಯುತ್ತಿರುವುದು ದಟ್ಟಣೆಯಲ್ಲ, ಬೇರೇನೋ. ಹೆಚ್ಚಾಗಿ ಪಡೆಯುವವನ ಬಫರ್.

ದಟ್ಟಣೆ ನಿಭಾಯಿಸಲು ಲಿನಕ್ಸ್ ಇವತ್ತು ಸಾಮಾನ್ಯವಾಗಿ ಬಳಸುವುದು ಕ್ಯೂಬಿಕ್ ಎಂಬ ಪದ್ಧತಿ. ಗೂಗಲ್ 2016ರಲ್ಲಿ ತಂದ ಬಿಬಿಆರ್ ಪ್ಯಾಕೆಟ್ ಬಿದ್ದದ್ದಕ್ಕಿಂತ ಜಾಸ್ತಿ ವೇಗ ಮತ್ತು ತಡವನ್ನು ಅಳೆಯುತ್ತದೆ. ಇವುಗಳನ್ನು ಓದಿ, ಆದರೆ ಮೊದಲು ಗರಗಸ ಬರಿಸಿ.

ಹೆಜ್ಜೆ 9: ಬೇರೆಯವರ ಕೋಡ್ ಜೊತೆ

ಸೆಮಿಸ್ಟರ್‌ನ ಕೊನೆಗೆ ಪ್ರಾಜೆಕ್ಟ್ ಆರಿಸುವಾಗ ಕ್ವಿಕ್ ಎಂಬ ಹೊಸ ಪ್ರೋಟೋಕಾಲ್ ಎಲ್ಲರ ಕಣ್ಣಿಗೆ ಬೀಳುತ್ತದೆ. 2021ರ ಆರ್‌ಎಫ್‌ಸಿ 9000. ಯುಡಿಪಿ ಮೇಲೆ ಕೂತು, ಗೂಢಲಿಪಿಯನ್ನು ಒಳಗೇ ಇಟ್ಟುಕೊಂಡಿದೆ. ಪೂರ್ತಿ ಬರೆಯಲು ಹೋಗಬೇಡಿ, ಒಬ್ಬರಿಂದ ಒಂದು ಸೆಮಿಸ್ಟರ್‌ನಲ್ಲಿ ಆಗುವ ಕೆಲಸ ಅಲ್ಲ. ಅದರ ನಷ್ಟ ಪತ್ತೆ ಹಚ್ಚುವ ಭಾಗವೊಂದನ್ನೇ ನಿಮ್ಮ ಹಳೆಯ ಯುಡಿಪಿ ಅಸೈನ್‌ಮೆಂಟ್‌ಗೆ ಸೇರಿಸಿ. ಮರುಕಳಿಸುವಾಗ ಅದು ಹಳೆಯ ನಂಬರ್ ಬಳಸುವುದೇ ಇಲ್ಲ, ಪ್ರತಿ ಪ್ಯಾಕೆಟ್‌ಗೂ ಹೊಸ ನಂಬರ್. ಕಾರ್ನ್ ನಿಯಮ ಯಾಕೆ ಬೇಕಾಗಿತ್ತೋ ಆ ಗೊಂದಲವೇ ಅಲ್ಲಿ ಹುಟ್ಟುವುದಿಲ್ಲ. ಐದನೇ ಹೆಜ್ಜೆಯಲ್ಲಿ ಒದ್ದಾಡಿದವರಿಗೆ ಈ ಒಂದು ಬದಲಾವಣೆಯ ಬೆಲೆ ತಕ್ಷಣ ಗೊತ್ತಾಗುತ್ತದೆ.

ಯಾವ ಪ್ರಾಜೆಕ್ಟ್ ಆದರೂ ಒಂದು ಮಧ್ಯಾಹ್ನ ಇಟ್ಟುಕೊಂಡು ಸಹಪಾಠಿಯ ಟಿಸಿಪಿಯನ್ನೂ ನಿಮ್ಮದನ್ನೂ ಮಾತಾಡಿಸಿ. ನಿಮ್ಮ ಎರಡೂ ತುದಿಯನ್ನು ನೀವೇ ಬರೆದಿದ್ದರೆ ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯ ಅದೇ ತಪ್ಪು ಮುಚ್ಚಿಹಾಕುತ್ತದೆ. ನಮ್ಮ ಲ್ಯಾಬ್‌ನಲ್ಲಿ ಹೀಗೆ ಇಬ್ಬರು ಕೂತಾಗ ಫೈಲ್‌ನ ಕೊನೆಯ ಕೆಲವು ನೂರು ಬೈಟ್ ಮಾತ್ರ ಬರುತ್ತಿರಲಿಲ್ಲ. ಒಬ್ಬಳ ಕೋಡ್ ಕೊನೆಯ ಡೇಟಾ ಜೊತೆಗೇ ಫಿನ್ ಹಚ್ಚಿ ಕಳಿಸುತ್ತಿತ್ತು, ಅದು ನಿಯಮಕ್ಕೆ ಸರಿ. ಇನ್ನೊಬ್ಬನದು ಫಿನ್ ಕಂಡ ಕೂಡಲೇ ಬಾಗಿಲು ಹಾಕುತ್ತಿತ್ತು, ಅದರ ಜೊತೆ ಬಂದ ಡೇಟಾ ನೋಡುತ್ತಲೇ ಇರಲಿಲ್ಲ. ಅವನ ಸ್ವಂತ ಕೋಡ್ ಯಾವತ್ತೂ ಫಿನ್ ಅನ್ನು ಒಂಟಿಯಾಗಿಯೇ ಕಳಿಸುತ್ತಿದ್ದರಿಂದ ಮೂರು ತಿಂಗಳಿಂದ ಇದು ಗೊತ್ತೇ ಆಗಿರಲಿಲ್ಲ. ಅವನು ಮೂರನೇ ಹೆಜ್ಜೆಯ ಆ ದೊಡ್ಡ ಹಾಳೆಯನ್ನು ಬ್ಯಾಗಿನಿಂದ ತೆಗೆದು ಬಿಡಿಸಿ ನೋಡಿದ. ಆ ಚೌಕ ಖಾಲಿ ಇತ್ತು.